ಓಲೆಯಿಲ್ಲದ ಓಲೆಕಾರ

೧

ಕಾಲಿನ ದುಡಿಮೆಯಿಂದ ಹೊಟ್ಟೆಗೆ ಅನ್ನ ಸಂಪಾದಿಸುವುದು ಲೋಕದಲ್ಲಿ ಬಹು ಹಳೆಯ ಪದ್ಧತಿ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರು ೧೬೭೨ರಲ್ಲಿ ಏರ್ಪಡಿಸಿದ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಲೀನವಾಗುವವರೆಗೆ, ಎರಡು ಶತಮಾನಗಳಿಗೂ ಮೀರಿ, ನಡೆದುಬಂದಿತು. ರೈಲು ಬರುವುದಕ್ಕೆ ಮುಂಚಿನ ದಿನಗಳಲ್ಲಿ ಓಲೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಊರಿಂದೂರಿಗೆ ಓಡಿದವನು ಓಲೆಕಾರ. ಅವನು ಏತಕ್ಕೆ ಓಡುತ್ತಾನೆಂದು ಯಾರೂ ಕೇಳಲಿಲ್ಲ. ಅವನ ಓಟದ ಅರ್ಥವು ಅವನ ಚೀಲದಲ್ಲಿಯೇ ಇದ್ದಿತು.

ಈಗಿನ ಮಹಾನಗರಗಳಲ್ಲಿ ವರ್ಷಕ್ಕೊಂದು ಬೆಳಗಿನ ಜಾವದಲ್ಲಿ ಕಾಣುವ ನೋಟವೇ ಬೇರೆ. ಸಾವಿರಾರು ಮಂದಿ ಗಂಡಸರೂ ಹೆಂಗಸರೂ ಎದೆಯ ಮೇಲೆ ಒಂದು ಸಂಖ್ಯೆಯ ಚೀಟಿಯನ್ನು ಅಂಟಿಸಿಕೊಂಡು, ೨೬ ಮೈಲಿ ೩೮೫ ಗಜ, ಎಂದರೆ ೪೨ ಕಿಲೋಮೀಟರು ೧೯೫ ಮೀಟರು ದೂರವನ್ನು ಓಡುತ್ತಾರೆ. ಅವರ ಕೈಯಲ್ಲಿ ಓಲೆಯಿಲ್ಲ. ಅವರಿಗಾಗಿ ಕಾದಿರುವ ಅರಸನಿಲ್ಲ. ಹೊರಟವರಲ್ಲಿ ಬಹುಮಾನದ ಆಸೆಯುಳ್ಳವರು ಬೆರಳೆಣಿಕೆಯಷ್ಟು ಮಂದಿ. ಉಳಿದವರಿಗೆ ತಾವು ಗೆಲ್ಲುವುದಿಲ್ಲವೆಂಬುದು ಹೊರಡುವ ಮೊದಲೇ ಚೆನ್ನಾಗಿ ಗೊತ್ತು. ಆದರೂ ಶುಲ್ಕ ತೆತ್ತು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ನೋವನ್ನು ತಾವಾಗಿಯೇ ಕರೆದುಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ೨೦೦೮ರಲ್ಲಿ ೧೦ ಕಿಲೋಮೀಟರಿನ ದೊಡ್ಡ ಓಟವೂ, ೨೦೧೪ರಲ್ಲಿ ಪೂರ್ಣ ದೂರದ ಬೆಂಗಳೂರು ಮ್ಯಾರಥಾನೂ ಆರಂಭವಾದುವು. ಮುಂಬಯಿಯ ಮ್ಯಾರಥಾನು ೨೦೦೪ರದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಿಗೆ ಬೆಂಗಳೂರು ದೂರದ ಊರಲ್ಲ. ಆ ನಗರದಿಂದ ಮೈಸೂರು ರಸ್ತೆಯಲ್ಲಿ ಹೊರಟವನಿಗೆ ಬಿಡದಿಯನ್ನು ದಾಟಿ ರಾಮನಗರದ ಬಂಡೆಗಳು ಸಮೀಪಿಸುವ ಹೊತ್ತಿಗೆ ಈ ಓಟದ ದೂರವೆಲ್ಲವೂ ಮುಗಿದಿರುತ್ತದೆ. ದಿನವೂ ಆ ಹಾದಿಯಲ್ಲಿ ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಹೊಟ್ಟೆಯ ಪಾಡಿಗಾಗಿ ಓಡಾಡುವ ಜನ ಎಷ್ಟೋ ಸಾವಿರ. ಅಂತಹ ಸೀಮೆಯಲ್ಲಿ ನಿಂತು ಕೇಳಿದಾಗ ಈ ಪ್ರಶ್ನೆಗೆ ವಿಶೇಷವಾದ ತೂಕ ಬರುತ್ತದೆ: ಬೇಕಿಲ್ಲದ ಕಷ್ಟವನ್ನು ಬೇಕೆಂದು ಪಡುವುದು ಸದ್ಗುಣವೋ, ಇಲ್ಲವೆ ಒಂದು ಬಗೆಯ ಡಂಭವೋ?

೨

ಪ್ರಶ್ನೆಯನ್ನು ಬಿಡಿಸುವ ಮೊದಲು ಈ ಓಟದ ಹುಟ್ಟನ್ನು ಸ್ವಲ್ಪ ನೋಡತಕ್ಕದ್ದು. ಕ್ರಿಸ್ತಪೂರ್ವ ೪೯೦ರಲ್ಲಿ ಮ್ಯಾರಥಾನ್ ಎಂಬ ಬಯಲಿನಲ್ಲಿ ಅಥೆನ್ಸಿನವರು ಪಾರಸಿಕರನ್ನು ಸೋಲಿಸಿದರು. ಗೆಲುವಿನ ಸುದ್ದಿಯನ್ನು ಹೊತ್ತು ಒಬ್ಬ ದೂತನು ಅಥೆನ್ಸಿಗೆ ಓಡಿ, ಸುದ್ದಿ ಹೇಳಿದೊಡನೆ ಪ್ರಾಣಬಿಟ್ಟನೆಂಬುದು ಪ್ರಸಿದ್ಧವಾದ ಕಥೆ. ಆ ಯುದ್ಧಕ್ಕೆ ಸಮೀಪಕಾಲದ ಚರಿತ್ರಕಾರನಾದ ಹೆರೊಡೋಟಸನು ಈ ಮಾತನ್ನು ಹೇಳುವುದಿಲ್ಲ. ಅವನು ಹೇಳುವುದು ಯುದ್ಧಕ್ಕೆ ಮುಂಚೆ ನೆರವು ಬೇಡಲು ಸ್ಪಾರ್ಟಾಕ್ಕೆ ಓಡಿದ ದೂತನ ವಿಷಯ. ಪ್ರಾಣಬಿಟ್ಟ ದೂತನ ಕಥೆ ಎಷ್ಟೋ ಶತಮಾನಗಳಾದ ಮೇಲಿನ ಲೇಖಕರಲ್ಲಿ ಬರುತ್ತದೆ. ಹೀಗಿದ್ದರೂ ಜನದ ಮನಸ್ಸು ಆರಿಸಿಕೊಂಡದ್ದು ಸಾಯುವ ದೂತನನ್ನೇ. ಓಡಿದ್ದಕ್ಕೆ ಒಂದು ಕಾರಣವಿರಬೇಕು, ಆ ಕಾರಣ ಪ್ರಾಣಕ್ಕಿಂತ ದೊಡ್ಡದಾಗಿರಬೇಕು ಎಂಬುದು ಮನುಷ್ಯಸ್ವಭಾವದ ಅಪೇಕ್ಷೆ.

೧೮೯೬ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ಹೊಸದಾಗಿ ಆರಂಭವಾದಾಗ ಈ ಕಥೆಯ ನೆನಪಿಗಾಗಿ ಸುಮಾರು ೪೦ ಕಿಲೋಮೀಟರಿನ ಓಟವನ್ನಿಟ್ಟರು. ಗೆದ್ದವನು ಸ್ಪಿರಿಡಾನ್ ಲೂಯಿಸ್. ನೀರು ಹೊತ್ತು ಮಾರುವ ಕಸುಬಿನವನು. ದೂರವು ೨೬ ಮೈಲಿ ೩೮೫ ಗಜವಾದದ್ದು ೧೯೦೮ರ ಲಂಡನ್ನಿನ ಕ್ರೀಡೆಗಳಲ್ಲಿ. ಅದೇ ಎಲ್ಲ ಕಡೆಯೂ ಪ್ರಮಾಣವೆಂದು ನಿಶ್ಚಯವಾದದ್ದು ೧೯೨೧ರಲ್ಲಿ.

ಕನ್ನಡ ನಾಡಿಗೂ ಈ ಓಟಕ್ಕೂ ನಂಟು ಬೇಗನೆ ಬೆಳೆಯಿತು. ಪುಣೆಯ ಡೆಕ್ಕನ್ ಜಿಮಖಾನದ ಪಂದ್ಯಗಳಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ಹಳ್ಳಿಗಾಡಿನ ಓಟಗಾರರನ್ನು ಕಂಡು ಬೆರಗಾದ ಸರ್ ದೊರಾಬ್ಜಿ ತಾತಾ ಅವರು, ಇಂಡಿಯದಿಂದ ಒಲಿಂಪಿಕ್ ಕ್ರೀಡೆಗಳಿಗೆ ಒಂದು ತಂಡವನ್ನು ಕಳುಹಿಸುವ ಉದ್ಯಮಕ್ಕೆ ಕೈಹಾಕಿದರು. ೧೯೨೦ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪಿಗೆ ಹೋದ ಆ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಒಬ್ಬರು. ಅವರು ಮ್ಯಾರಥಾನ್ ಓಟವನ್ನು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ೧೯ನೆಯವರಾದರು. ಅದೇ ತಂಡದಿಂದ ಅದೇ ಓಟಕ್ಕೆ ನಿಂತ ಸದಾಶಿವ ದಾತಾರರಿಗೆ ಓಟವನ್ನು ಪೂರೈಸಲಾಗಲಿಲ್ಲ. ಗೆದ್ದವನು ಫಿನ್ಲೆಂಡಿನ ಕೋಲೆಹ್ಮೈನನ್.

ಹತ್ತೊಂಬತ್ತನೆಯ ಸ್ಥಾನಕ್ಕೆ ಪದಕವಿಲ್ಲ. ಆದರೆ ಆ ಸ್ಥಾನವನ್ನು ಸೋಲೆನ್ನಲು ಯಾರಿಗೆ ನಾಲಗೆ ಬಂದೀತು? ಈ ಸಂಕೋಚವೇ ವಿಚಾರದ ಮೊದಲ ಮೆಟ್ಟಿಲು. ಗೆಲುವು ಸೋಲುಗಳೆಂಬ ಎರಡೇ ಗೂಡುಗಳಲ್ಲಿ ಹಿಡಿಸದ ಮೂರನೆಯದೊಂದು ಈ ಓಟದಲ್ಲುಂಟು. ಅದರ ಸ್ವರೂಪವೇನು?

೩

ಪೂರ್ವಪಕ್ಷದವರ ಮೊದಲನೆಯ ಆಕ್ಷೇಪ ಹೀಗೆ: ಶ್ರಮಕ್ಕೆ ಒಂದು ಫಲವಿರಬೇಕು. ಹೊಲದಲ್ಲಿ ಬೆವರು ಸುರಿದರೆ ರಾಗಿಯಾಗುತ್ತದೆ. ರಸ್ತೆಯಲ್ಲಿ ಬೆವರು ಸುರಿದರೆ ಏನಾಗುತ್ತದೆ? ಹೊರಟ ಕಡೆಗೇ ತಿರುಗಿ ಬಂದು ನಿಲ್ಲುವ ಓಟದಿಂದ ಜಗತ್ತಿಗೆ ಒಂದು ಕಾಳಿನಷ್ಟೂ ಹೆಚ್ಚಲಿಲ್ಲ.

ಈ ಆಕ್ಷೇಪಕ್ಕೆ ಉತ್ತರ ಹುಡುಕುವವರು ಚನ್ನಪಟ್ಟಣಕ್ಕೆ ಹೋಗಬಹುದು. ಅಲ್ಲಿ ಹಾಲೆಮರವನ್ನು ಕಡೆದು, ತಿರುಗುವ ಮರದ ಮೇಲೆ ಬಣ್ಣದ ಅರಗನ್ನು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪೇರಿಸಿ, ಬೊಂಬೆ ಬುಗುರಿಗಳನ್ನು ಮಾಡುತ್ತಾರೆ. ಎಷ್ಟೋ ಮನೆಗಳು ತಲೆಮಾರುಗಳಿಂದ ಈ ಕೆಲಸದಿಂದ ಅನ್ನ ಕಂಡಿವೆ. ಬೊಂಬೆಯಿಂದ ಹೊಲ ಉಳಲಾಗದು, ನೀರು ಸೇದಲಾಗದು. ಅದರಿಂದ ಆಗುವ ಒಂದೇ ಕೆಲಸವೆಂದರೆ ಮಗುವಿನ ಆಟ. ಆದರೂ ಬೊಂಬೆ ಮಾಡುವವನು ತನ್ನ ಕಸುಬು ವ್ಯರ್ಥವೆಂದು ತಿಳಿಯನು. ಮಗುವಿನ ತಾಯಿಯೂ ತಿಳಿಯಳು. ದುಡಿಮೆಯಿರುವುದು ಬದುಕಿಗಾಗಿ, ಆಟವೂ ಬದುಕಿನ ಒಂದು ಭಾಗವಷ್ಟೆ. ಎಲ್ಲವನ್ನೂ ಮತ್ತೊಂದಕ್ಕಾಗಿಯೇ ಮಾಡುತ್ತ ಹೋದರೆ ಕೊನೆಗೆ ಯಾವುದಕ್ಕಾಗಿ ಎಂದು ಕೇಳಿದಾಗ ಹೇಳಲು ಏನೂ ಉಳಿಯದು. ತನಗಾಗಿಯೇ ಮಾಡತಕ್ಕ ಕೆಲವು ಕೆಲಸಗಳು ಮನುಷ್ಯನಿಗೆ ಇರಲೇಬೇಕು. ಓಟವು ಅವುಗಳಲ್ಲಿ ಒಂದಾಗಬಾರದೆಂಬುದಕ್ಕೆ ಕಾರಣವಿಲ್ಲ.

ಆದರೆ ಈ ಉತ್ತರವು ಸುಲಭವಾದಷ್ಟು ಪೂರ್ತಿಯಾದದ್ದಲ್ಲ. ಆಟದಲ್ಲಿ ಸಂತೋಷವುಂಟು. ಈ ಓಟದಲ್ಲಿ ಅರ್ಧಕ್ಕೂ ಹೆಚ್ಚು ದೂರ ಸಂತೋಷಕ್ಕೆ ವಿರುದ್ಧವಾದದ್ದೇ ಇರುತ್ತದೆ. ದೇಹವು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೊಜನ್ ಎಂಬ ಸಕ್ಕರೆಯ ದಾಸ್ತಾನನ್ನು ಕೂಡಿಟ್ಟಿರುತ್ತದೆ. ೩೦ ಕಿಲೋಮೀಟರು ದಾಟಿದ ಮೇಲೆ ಅನೇಕರಿಗೆ ಆ ದಾಸ್ತಾನು ಬರಿದಾಗುತ್ತ ಬರುತ್ತದೆ. ಆಗ ಕಾಲು ಕಲ್ಲಾಗುತ್ತದೆ, ಬುದ್ಧಿ ಮಂಕಾಗುತ್ತದೆ, ಅಲ್ಲಿಯವರೆಗೆ ಸಮವಾಗಿ ಬಂದವನು ನಡೆಯಲೂ ಹೆಣಗುತ್ತಾನೆ. ಗೋಡೆ ಅಡ್ಡ ಬಂದಿತು ಎಂದು ಓಟಗಾರರು ಹೇಳುವುದು ಈ ಅವಸ್ಥೆಯನ್ನೇ. ಇನ್ನು ೧೦ ಕಿಲೋಮೀಟರು ಉಳಿದಿರುವಾಗ, ಪಕ್ಕದಲ್ಲಿಯೇ ನೆರಳಿದೆ, ಕುಳಿತರೆ ಬೈಯುವವರಿಲ್ಲ, ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಹೊರಗಿನ ಬಲಾತ್ಕಾರಗಳೆಲ್ಲ ಹಿಂದೆ ಸರಿದು, ಮನುಷ್ಯನು ತಾನು ತನಗೆ ಕೊಟ್ಟ ಮಾತಿನ ಎದುರಿಗೆ ಒಂಟಿಯಾಗಿ ನಿಲ್ಲುವ ಘಳಿಗೆ ಅದು.

ಲೋಕಕ್ಕೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಲೋಕಲಜ್ಜೆಯಿದೆ. ಸಾಲಗಾರನಿಗೆ ಕೊಟ್ಟ ಮಾತಿಗೆ ನ್ಯಾಯಸ್ಥಾನವಿದೆ. ತನಗೆ ತಾನು ಕೊಟ್ಟ ಮಾತಿಗೆ ಯಾವ ಕಾವಲೂ ಇಲ್ಲ. ಅದನ್ನು ಮುರಿಯುವುದು ಅತಿ ಸುಲಭ. ದಿನವೂ ಎಲ್ಲರೂ ಮುರಿಯುವುದೂ ಅದನ್ನೇ. ಅಂತಹ ಮಾತನ್ನು ಒಮ್ಮೆಯಾದರೂ ಕಡೆಯವರೆಗೆ ನಡಸಿ ನೋಡುವುದು ಚಿತ್ತಕ್ಕೆ ಒಂದು ಶಿಕ್ಷಣ.

೪

ಎರಡನೆಯ ಆಕ್ಷೇಪ ಇದಕ್ಕಿಂತ ಹರಿತವಾದದ್ದು. ಅದು ನ್ಯಾಯದ ಹೆಸರಿನಲ್ಲಿ ಬರುತ್ತದೆ. ರೇಷ್ಮೆ ಸಾಕುವ ಮನೆಯ ಒಂದು ಬೆಳೆಯನ್ನು ನೋಡಿರಿ. ಹುಳು ನಾಲ್ಕು ಜ್ವರಗಳನ್ನು ಕಳೆದು ಎದ್ದಮೇಲೆ, ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಕಡೆಯ ಒಂದು ವಾರದಲ್ಲಿಯೇ ತಿನ್ನುತ್ತದೆ. ಆ ವಾರ ಮನೆಯವರಿಗೆ ಹಗಲಿರುಳೆಂಬ ಭೇದವಿಲ್ಲ. ಹಿಪ್ಪುನೇರಳೆಯ ಸೊಪ್ಪನ್ನು ಕೊಯ್ದು, ಹೊತ್ತು, ಹಾಕಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು, ಗೂಡಾದ ಮೇಲೆ ಬಿಡಿಸಿ, ಚಿಟ್ಟೆ ಹೊರಬರುವ ಮುಂಚೆ ರಾಮನಗರದ ಗೂಡಿನ ಮಾರುಕಟ್ಟೆಗೆ ಮುಟ್ಟಿಸಬೇಕು. ಅಲ್ಲಿಂದ ಆಚೆಗೆ ಗೂಡನ್ನು ಕೊಂಡವನ ಮನೆಯಲ್ಲಿ ಕುದಿನೀರಿನೊಳಗೆ ಬೆರಳಿಟ್ಟು ಎಳೆ ತೆಗೆಯುವ ಹೆಣ್ಣಿನ ಕೆಲಸ. ಒಂದೊಂದು ಗೂಡಿನ ಎಳೆಯೂ ನೂರಾರು ಮೀಟರು ಉದ್ದ; ಒಂದು ನೂರು ಗೂಡನ್ನು ಬಿಚ್ಚುವ ಹೊತ್ತಿಗೆ ಅವಳ ಕೈಯಲ್ಲಿ ಮ್ಯಾರಥಾನಿನಷ್ಟು ದೂರ ಹರಿದುಹೋಗಿರುತ್ತದೆ. ಅವಳಿಗೆ ದಾರಿಯ ಎರಡು ಕಡೆಯೂ ನಿಂತು ಚಪ್ಪಾಳೆ ತಟ್ಟುವವರಿಲ್ಲ. ಕೊರಳಿಗೆ ಪದಕ ಹಾಕುವವರಿಲ್ಲ. ಹೀಗಿರಲಾಗಿ, ಬೇಕೆಂದು ಬಳಲಿದವನಿಗೆ ಮರ್ಯಾದೆಯೂ ವಿಧಿಯಿಲ್ಲದೆ ಬಳಲಿದವಳಿಗೆ ಮೌನವೂ ಸಲ್ಲುವುದು ಯಾವ ಧರ್ಮ?

ಈ ಆಕ್ಷೇಪದಲ್ಲಿ ಸತ್ಯಾಂಶ ಹೆಚ್ಚಾಗಿದೆ; ಅದನ್ನು ಒಪ್ಪಿಕೊಳ್ಳುವುದೇ ಸರಿ. ಸ್ವೇಚ್ಛೆಯಿಂದ ಪಟ್ಟ ಕಷ್ಟಕ್ಕೂ ವಿಧಿಯಿಲ್ಲದೆ ಪಟ್ಟ ಕಷ್ಟಕ್ಕೂ ಭೂಮ್ಯಾಕಾಶಗಳ ಅಂತರವುಂಟು. ಏಕಾದಶಿಯ ಉಪವಾಸವೂ ಬರಗಾಲದ ಉಪವಾಸವೂ ಹೊಟ್ಟೆಗೆ ಒಂದೇ, ಮನಸ್ಸಿಗೆ ಒಂದಲ್ಲ. ಏಕಾದಶಿಯವನಿಗೆ ದ್ವಾದಶಿಯ ಪಾರಣೆ ನಿಶ್ಚಯವಾಗಿದೆ. ಓಟಗಾರನಿಗೂ ಹಾಗೆಯೇ: ಓಟ ಮುಗಿದ ಮೇಲೆ ನೀರುಂಟು, ಊಟವುಂಟು, ಮಾರನೆಯ ದಿನ ವಿಶ್ರಾಂತಿಯುಂಟು. ನೂಲು ತೆಗೆಯುವವಳಿಗೆ ಮಾರನೆಯ ದಿನವೂ ಕುದಿನೀರೇ. ಓಟಗಾರನು ತನ್ನ ಬಳಲಿಕೆಯನ್ನು ಅವಳ ಬಳಲಿಕೆಗೆ ಸಮವೆಂದು ತಿಳಿದರೆ ಅದು ಅಜ್ಞಾನ. ಅದಕ್ಕಿಂತ ಹೆಚ್ಚೆಂದು ಮೆರೆದರೆ ಅದು ಡಂಭ.

ಆದರೆ ಆಕ್ಷೇಪದಿಂದ ಹೊರಡತಕ್ಕ ನಿರ್ಣಯವೇನು? ಯಾರೂ ಓಡಕೂಡದೆಂದಲ್ಲ. ಏಕಾದಶಿಯವನು ಉಂಡಮಾತ್ರಕ್ಕೆ ಬರಗಾಲದವನ ಹೊಟ್ಟೆ ತುಂಬುವುದಿಲ್ಲ. ನಿಜವಾದ ನಿರ್ಣಯವೆಂದರೆ, ಒಂದು ದಿನ ಬೇಕೆಂದು ಬಳಲಿದವನು ಪ್ರತಿದಿನ ಬಳಲುವವರ ವಿಷಯದಲ್ಲಿ ಹೊಸ ಕಣ್ಣು ಪಡೆಯಬೇಕು. ಓಟದ ದಿನ ಬೆಂಗಳೂರಿನ ಬೀದಿಗಳನ್ನು ನಸುಕಿನಲ್ಲಿ ಗುಡಿಸಿ ಅಣಿಮಾಡುವವರು ಪೌರಕಾರ್ಮಿಕರು. ಓಟಗಾರರು ಕುಡಿದೆಸೆದ ಲೋಟಗಳನ್ನು ಎತ್ತುವವರೂ ಅವರೇ. ಆ ಬೀದಿಯಲ್ಲಿ ಅವರು ವರ್ಷದ ಎಲ್ಲ ನಸುಕುಗಳಲ್ಲಿಯೂ ಇರುತ್ತಾರೆ. ಅಂದು ಸಂಚಾರ ನಿಂತ ರಸ್ತೆಯ ಅಂಚಿನಲ್ಲಿ, ಆಸ್ಪತ್ರೆಗೋ ಕೆಲಸಕ್ಕೋ ಹೋಗಬೇಕಾದವರು ದಾರಿ ಬಿಡುವುದನ್ನೇ ಕಾಯುತ್ತ ನಿಂತಿರುತ್ತಾರೆ. ಓಟಗಾರನ ಸಾಧನೆಯಲ್ಲಿ ಇವರೆಲ್ಲರ ತಾಳ್ಮೆಯೂ ಸೇರಿದೆ. ಲೋಟವನ್ನು ಬುಟ್ಟಿಗೆ ಹಾಕುವುದು ಸಣ್ಣ ಮಾತಾಗಿ ಕಾಣಬಹುದು. ಓಟದ ಧರ್ಮವು ಪರೀಕ್ಷೆಗೆ ಬರುವುದು ಅಂತಹ ಸಣ್ಣ ಮಾತಿನಲ್ಲಿಯೇ. ಮುಂಬಯಿಯಲ್ಲಿಯೂ ಲಂಡನ್ನಿನಲ್ಲಿಯೂ ಈ ಓಟದ ಮೂಲಕ ಧರ್ಮಸಂಸ್ಥೆಗಳಿಗೆ ಹಣ ಕೂಡಿಸುವ ಪದ್ಧತಿ ಬೆಳೆದಿದೆ. ಅದು ಒಳ್ಳೆಯದೇ. ಆದರೆ ದಾನದಿಂದ ಕೊಂಡ ಪುಣ್ಯವು ಕಣ್ಣೆದುರಿನ ಮನುಷ್ಯನನ್ನು ಕಾಣದಿರುವ ಕುರುಡಿಗೆ ಮದ್ದಾಗಲಾರದು.

೫

ಮೂರನೆಯ ಆಕ್ಷೇಪ ದೇಹದ ಪರವಾಗಿ ಬರುತ್ತದೆ. ದೇಹವನ್ನು ದಂಡಿಸುವುದೇ ಶ್ರೇಯಸ್ಸೆಂಬ ಮತವನ್ನು ಬುದ್ಧನು ತಾನೇ ಆಚರಿಸಿ ನೋಡಿ ಕೈಬಿಟ್ಟನಷ್ಟೆ. ಕಡೆಯವರೆಗೂ ಓಡಿಯೇ ತೀರಬೇಕೆಂಬ ಹಟವು ಆ ಹಳೆಯ ಅತಿಯ ಹೊಸ ವೇಷವಲ್ಲವೆ?

ಇಲ್ಲಿ ಎರಡು ದೃಷ್ಟಾಂತಗಳನ್ನು ಪರಿಶೀಲಿಸಬಹುದು. ೧೯೦೮ರಲ್ಲಿ ಲಂಡನ್ನಿನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣವನ್ನು ಹೊಕ್ಕನು. ಆದರೆ ಬುದ್ಧಿ ಸ್ಥಿಮಿತ ತಪ್ಪಿ ತಿರುಗಬೇಕಾದ ದಿಕ್ಕು ಬಿಟ್ಟು ಬೇರೆ ಕಡೆ ತಿರುಗಿದನು. ಮತ್ತೆ ಮತ್ತೆ ಬಿದ್ದನು. ಕನಿಕರಗೊಂಡ ಅಧಿಕಾರಿಗಳು ಅವನನ್ನು ಎತ್ತಿ ಆಸರೆಕೊಟ್ಟು ಗೆರೆ ದಾಟಿಸಿದರು. ಪರಸಹಾಯ ಪಡೆದನೆಂಬ ಕಾರಣದಿಂದ ಅವನ ಗೆಲುವು ರದ್ದಾಯಿತು. ಮಾರನೆಯ ದಿನ ರಾಣಿ ಅಲೆಕ್ಸಾಂಡ್ರಾ ಅವನಿಗೆ ಬೇರೆಯಾಗಿ ಒಂದು ಬಟ್ಟಲನ್ನು ಕೊಟ್ಟಳು. ನಿಯಮ ತನ್ನ ಕೆಲಸ ಮಾಡಿತು, ದಯೆಯೂ ತನ್ನ ಕೆಲಸ ಮಾಡಿತು.

೧೯೮೪ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ ಕ್ರೀಡೆಗಳೊಳಗೆ ಹೆಂಗಸರಿಗೆ ಈ ಓಟ ಮೊದಲ ಸಲ ದೊರೆಯಿತು. ಅದರಲ್ಲಿ ಸ್ವಿಟ್ಜರ್ಲೆಂಡಿನ ಗೇಬ್ರಿಯೇಲಾ ಆಂಡರ್ಸನ್ ಶೀಸ್ ಬಿಸಿಲಿನ ತಾಪದಿಂದ ಸೊರಗಿ, ಮೈ ಒಂದು ಕಡೆಗೆ ವಾಲಿ, ತಡವರಿಸುತ್ತ ಕ್ರೀಡಾಂಗಣಕ್ಕೆ ಬಂದಳು. ವೈದ್ಯರು ಹತ್ತಿರ ಬಂದರೆ ಕೈಸನ್ನೆಯಿಂದ ದೂರವಿರಿಸಿದಳು. ಮುಟ್ಟಿದರೆ ಓಟ ವ್ಯರ್ಥವಾಗುತ್ತಿತ್ತು. ವೈದ್ಯರು ಅವಳ ಮೈ ಇನ್ನೂ ಬೆವರುತ್ತಿರುವುದನ್ನು ಗಮನಿಸಿ, ಪ್ರಾಣಭಯವಿಲ್ಲವೆಂದು ಎಣಿಸಿ, ಪಕ್ಕದಲ್ಲಿಯೇ ನಡೆದುಬಂದರು. ಅವಳು ೩೭ನೆಯವಳಾಗಿ ಗೆರೆ ದಾಟಿ ಕುಸಿದಳು, ಬೇಗನೆ ಚೇತರಿಸಿಕೊಂಡಳು.

ಪಿಯೆಟ್ರಿಯನ್ನು ಎತ್ತಿದವರದು ತಪ್ಪೋ? ಶೀಸಳನ್ನು ತಡೆಯದವರದು ತಪ್ಪೋ? ಒಂದೇ ಸೂತ್ರದಿಂದ ಎರಡನ್ನೂ ಅಳೆಯಲು ಬಾರದು. ಬಿದ್ದವನನ್ನು ಎತ್ತಬಾರದೆಂಬ ಧರ್ಮ ಯಾವುದೂ ಇಲ್ಲ. ಪಂದ್ಯದ ನಿಯಮ ಮನುಷ್ಯಧರ್ಮಕ್ಕಿಂತ ದೊಡ್ಡದಲ್ಲ. ಮತ್ತೊಬ್ಬರ ಸಂಕಲ್ಪವನ್ನು ಕನಿಕರದ ಹೆಸರಿನಿಂದ ಕಸಿದುಕೊಳ್ಳುವುದೂ ಸರಿಯಲ್ಲ. ಅಪಾಯವನ್ನು ಬಲ್ಲವರು ಹತ್ತಿರವಿದ್ದು, ಕೈಚಾಚುವಷ್ಟು ದೂರದಲ್ಲಿ ನಡೆದು, ಮುಟ್ಟದೆ ಇರುವುದು ಎಲ್ಲಕ್ಕಿಂತ ಕಷ್ಟವಾದ ದಯೆ. ಮಕ್ಕಳನ್ನು ಬೆಳಸಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಓಡುವವನ ಕಡೆಯಿಂದಲೂ ಒಂದು ಮಾತುಂಟು. ಹಟವೂ ಧೃತಿಯೂ ಹೊರಗೆ ಒಂದೇ ರೂಪ; ಒಳಗೆ ಬೇರೆ. ಧೃತಿಯು ದೇಹದ ಮಾತನ್ನು ಕೇಳಿ, ಅದು ಸೋಮಾರಿತನದ ಮಾತೋ ಅಪಾಯದ ಮಾತೋ ಎಂದು ತೂಗಿ ನೋಡುತ್ತದೆ. ಹಟವು ಕಿವಿಯನ್ನೇ ಮುಚ್ಚಿಕೊಳ್ಳುತ್ತದೆ. ಎದೆಯಲ್ಲಿ ನೋವು ಕಾಣಿಸಿದಾಗ ನಿಲ್ಲುವವನು ಮಾತಿಗೆ ತಪ್ಪಿದವನಲ್ಲ. ಅವನು ಹೆಂಡತಿ ಮಕ್ಕಳಿಗೆ ಕೊಟ್ಟ ಅದಕ್ಕಿಂತ ಹಳೆಯ ಮಾತನ್ನು ಉಳಿಸಿದವನು. ೧೯೨೦ರಲ್ಲಿ ದಾತಾರರಿಗೆ ಕಡೆಯ ಗೆರೆ ದೊರೆಯದೆ ಹೋದದ್ದರಿಂದ ಅವರ ಸಮುದ್ರಪ್ರಯಾಣವೂ ಅಭ್ಯಾಸವೂ ಸುಳ್ಳಾಗಲಿಲ್ಲ.

೬

ಓಟದ ಮರ್ಮವನ್ನು ತಿಳಿಯಲು ಅದರಲ್ಲಿ ಮೋಸ ಮಾಡಿದವನನ್ನೂ ನೋಡಬೇಕು. ೧೯೦೪ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಕ್ರೀಡೆಗಳಲ್ಲಿ ಫ್ರೆಡ್ ಲೋರ್ಜ್ ಎಂಬವನು ದಾರಿಯ ಒಂದು ಭಾಗವನ್ನು ಮೋಟಾರು ಗಾಡಿಯಲ್ಲಿ ಕಳೆದು ಮೊದಲಿಗನಾಗಿ ಬಂದು ನಿಂತನು. ಗುಟ್ಟು ಬಯಲಾದಾಗ ವಿನೋದಕ್ಕೆ ಮಾಡಿದೆನೆಂದನು. ಅವನಿಗೆ ಕೀರ್ತಿಯ ಆಸೆಯಿತ್ತೆನ್ನಬಹುದು. ಆದರೆ ಗೆಲ್ಲುವ ಆಸೆಯೇ ಇಲ್ಲದ ಸಾವಿರ ಜನರ ನಡುವೆ ಒಬ್ಬನು ಅಡ್ಡದಾರಿ ಹಿಡಿದರೆ ಅವನು ವಂಚಿಸುವುದು ಯಾರನ್ನು? ಬೇರೆಯವರ ಸ್ಥಾನ ಅದರಿಂದ ಕೆಡುವುದಿಲ್ಲ. ಅವನು ಮನೆಗೆ ಒಯ್ಯುವ ಪದಕವೂ ಲೋಹದಲ್ಲಿ ಇತರರ ಪದಕದಂತೆಯೇ ಇರುತ್ತದೆ. ಆದರೂ ಅದು ಅದೇ ಪದಕವಲ್ಲವೆಂಬುದು ಅವನೊಬ್ಬನಿಗೆ ಗೊತ್ತು. ಮುಗಿಸಿದ ಎಲ್ಲರಿಗೂ ಪದಕ ಕೊಡುವುದನ್ನು ಕೆಲವರು ಹಾಸ್ಯ ಮಾಡುವುದುಂಟು. ಆ ಪದಕಕ್ಕೆ ಬೆಲೆ ಕಟ್ಟುವವನು ಧರಿಸಿದವನ ಅಂತಃಸಾಕ್ಷಿಯೊಬ್ಬನೇ ಆದ್ದರಿಂದ ಹಾಸ್ಯಕ್ಕೆ ಎಡೆಯಿಲ್ಲ.

ಈ ಗುಂಪಿನಲ್ಲಿ ಇನ್ನಿಬ್ಬರು ಗಮನಾರ್ಹರು. ಒಬ್ಬನು ಹೊತ್ತನ್ನು ಬರೆದ ಬಾವುಟವನ್ನು ಹಿಡಿದು ಸಮವೇಗದಿಂದ ಓಡುವವನು. ಅವನನ್ನು ಪೇಸರ್ ಎನ್ನುತ್ತಾರೆ. ತಾನು ಇನ್ನೂ ಬೇಗ ಓಡಬಲ್ಲವನಾದರೂ, ಇಷ್ಟು ಹೊತ್ತಿನಲ್ಲಿ ಮುಗಿಸಬೇಕೆಂಬ ಆಸೆಯುಳ್ಳವರಿಗಾಗಿ ತನ್ನ ವೇಗವನ್ನು ಕಟ್ಟಿಹಾಕಿಕೊಳ್ಳುತ್ತಾನೆ. ಮತ್ತೊಬ್ಬನು ಕಣ್ಣು ಕಾಣದ ಓಟಗಾರನ ಕೈಗೂ ತನ್ನ ಕೈಗೂ ಒಂದು ಸಣ್ಣ ಹಗ್ಗ ಕಟ್ಟಿಕೊಂಡು, ಹಳ್ಳ ತಿಟ್ಟುಗಳನ್ನು ಹೇಳುತ್ತ ಜೊತೆಯಲ್ಲಿ ಓಡುವವನು. ಇವರಿಬ್ಬರೂ ಓಡುವುದು ಅಷ್ಟೇ ದೂರ; ಬಳಲುವುದೂ ಅಷ್ಟೇ. ಆದರೆ ಇವರ ಕೈ ಬರಿದಾಗಿಲ್ಲ.

ಹೆಂಗಸರ ಓಟದ ಚರಿತ್ರೆಯೂ ಇದನ್ನೇ ತೋರಿಸುತ್ತದೆ. ಬಾಸ್ಟನ್ನಿನ ಓಟದಲ್ಲಿ ಹೆಂಗಸರಿಗೆ ಪ್ರವೇಶವಿಲ್ಲದಿದ್ದಾಗ, ೧೯೬೬ರಲ್ಲಿ ಬಾಬಿ ಗಿಬ್ ಸಂಖ್ಯೆಯ ಚೀಟಿಯಿಲ್ಲದೆಯೇ ಗುಂಪಿನಲ್ಲಿ ಸೇರಿ ಓಡಿ ಮುಗಿಸಿದಳು. ಮಾರನೆಯ ವರ್ಷ ಕ್ಯಾಥರಿನ್ ಸ್ವಿಟ್ಜರ್ ಚೀಟಿ ಪಡೆದು ಓಡಿದಾಗ ಅಧಿಕಾರಿಯೊಬ್ಬನು ಆ ಚೀಟಿಯನ್ನು ಕಿತ್ತುಕೊಳ್ಳಲು ದಾರಿಯಲ್ಲಿಯೇ ಮೇಲೆ ಬಿದ್ದನು. ಅವರ ಕೈಯಲ್ಲಿಯೂ ಓಲೆ ಕಾಣಿಸಲಿಲ್ಲ. ಆದರೆ ೧೯೭೨ರಲ್ಲಿ ಬಾಸ್ಟನ್ನಿನವರೂ ೧೯೮೪ರಲ್ಲಿ ಒಲಿಂಪಿಕ್ಕಿನವರೂ ಆ ಓಲೆಯನ್ನು ಓದಿಕೊಳ್ಳಬೇಕಾಯಿತು. ಈಗ ಬೆಂಗಳೂರಿನ ಬೀದಿಯಲ್ಲಿ ಬೆಳಕು ಹರಿಯುವ ಮುನ್ನ ನಿರ್ಭಯದಿಂದ ಓಡುವ ಹೆಣ್ಣುಮಗಳನ್ನು ಕಂಡಾಗ, ಆ ನೋಟವೇ ಒಂದು ಸುದ್ದಿಯೆಂದು ತಿಳಿಯಬೇಕು.

೭

ಹೀಗೆ ವಿಚಾರಿಸಿದರೆ ಸಿದ್ಧಾಂತವು ಈ ರೀತಿಯಾಗಿ ನಿಲ್ಲುತ್ತದೆ. ಓಟದ ಶ್ರೇಷ್ಠತೆ ನೋವಿನಲ್ಲಿಲ್ಲ. ನೋವೇ ಶ್ರೇಷ್ಠವಾಗಿದ್ದರೆ ಲೋಕದಲ್ಲಿ ಬಡವರಿಗಿಂತ ಶ್ರೇಷ್ಠರಿರುತ್ತಿರಲಿಲ್ಲ, ಅವರ ನೋವನ್ನು ಕಳೆಯುವುದು ಅಪರಾಧವಾಗುತ್ತಿತ್ತು. ಪದಕದಲ್ಲಿಯೂ ಇಲ್ಲ. ಯಾರ ಕಾವಲೂ ಇಲ್ಲದ ಮಾತನ್ನು ತನ್ನ ಅಂತಃಸಾಕ್ಷಿಯ ಎದುರಿಗೆ ಉಳಿಸಿಕೊಳ್ಳುವುದರಲ್ಲಿ ಮೊದಲನೆಯ ಪಾಲು ಇದೆ. ಹಾಗೆ ಉಳಿಸಿಕೊಳ್ಳುವಾಗ ಪಕ್ಕದಲ್ಲಿ ಬೀಳುವವನನ್ನೂ ಮುಂದೆ ಬೀದಿ ಗುಡಿಸುವವರನ್ನೂ ಕಾಣುವುದರಲ್ಲಿ ಎರಡನೆಯ ಪಾಲು ಇದೆ. ಮೊದಲನೆಯದು ಮಾತ್ರವಿದ್ದರೆ ಓಟವು ಹಟಯೋಗವಾದೀತು. ಎರಡನೆಯದೂ ಕೂಡಿದರೆ ಶಿಕ್ಷಣವಾದೀತು.

ಬೆಂಗಳೂರನ್ನು ೧೫೩೭ರಲ್ಲಿ ಕಟ್ಟಿದ ಕೆಂಪೇಗೌಡರ ವಂಶದವರು ಮುಂದೆ ಮಾಗಡಿಗೆ ಬಂದು ಆಳಿದರು. ಅಂದು ನಗರವನ್ನು ಕಟ್ಟಿದವರು ಈ ಸೀಮೆಗೆ ಬಂದರು, ಇಂದು ಈ ಸೀಮೆಯ ಮಕ್ಕಳು ಆ ನಗರಕ್ಕೆ ಹೋಗುತ್ತಾರೆ. ಅವರಲ್ಲಿ ಯಾವನಾದರೂ ಒಬ್ಬನು ಆ ದೊಡ್ಡ ಓಟವನ್ನು ಮುಗಿಸಿ ಕನಕಪುರದ ಕಡೆಯ ಬಸ್ಸನ್ನೇರಿದಾಗ, ಪಕ್ಕದಲ್ಲಿ ದಿನದ ಕೂಲಿ ಮುಗಿಸಿ ನಿಂತ ವೃದ್ಧನಿಗೆ ತನ್ನ ಆಸನವನ್ನು ಬಿಟ್ಟುಕೊಡುವನೋ, ಇಲ್ಲವೆ ನನಗೆ ಇಂದು ಕಾಲು ನೋವೆಂದು ಕುಳಿತೇ ಇರುವನೋ? ಆ ದಿನದ ಓಟದಿಂದ ಅವನು ಕಲಿತದ್ದೆಷ್ಟೆಂಬುದು ಗಡಿಯಾರದ ಲೆಕ್ಕದಿಂದ ತಿಳಿಯದು. ಈ ಪ್ರಶ್ನೆಗೆ ಅವನು ಕೊಡುವ ಉತ್ತರದಿಂದ ತಿಳಿದೀತು.